ಲಿಲಾವಿನ ದ್ರೌಪತಿಬಾಯಿ

ಹುಮನಾಬಾದಿನ ಚರ್ಚಿನ ಮೈಕು ಕೆಟ್ಟ ವರ್ಷ ಅದನ್ನು ಯಾರೂ ರಿಪೇರಿಗೆ ಒಯ್ಯಲಿಲ್ಲ. ದ್ರೌಪತಿಬಾಯಿ ಇರುವ ತನಕ ಅದರ ಹಂಗು ನಮಗೇಕೆ ಎಂದು ಸಭೆಯ ಹಿರಿಯರು ನಕ್ಕು ಸುಮ್ಮನಾದರು. ಆ ದನಿ ಅಂಥದು. ಬಸವಕಲ್ಯಾಣದ ಕಾಯಿಪಲ್ಯೆಯ ಬಜಾರಿನಲ್ಲಿ ಇಪ್ಪತ್ತೈದು ವರ್ಷ ಮೆಂತೆ, ಪುಂಡಿ, ಕೊತ್ತಂಬರಿಗಳ ಹೆಸರು ಕೂಗಿ ಕೂಗಿ ಹದಗೊಂಡ, ಒಡಕಿಲ್ಲದ, ತುಸು ಗಡಸಾದ ದನಿ. ಹತ್ತಿರ ನಿಂತವರ ಕಿವಿಯನ್ನು ನೋಯಿಸದೆ ದೂರ ನಿಂತವರನ್ನು ತಪ್ಪದೆ ಮುಟ್ಟುವ ವಿದ್ಯೆ ಅದಕ್ಕೆ ಕರಗತವಾಗಿತ್ತು. ಆ ದನಿ ಜೀವಮಾನದಲ್ಲಿ ಒಂದೇ ಒಂದು ಸಲ ನಡುವೆ ನಿಂತುಹೋಯಿತು. ಅದನ್ನು ಕಂಡವರಲ್ಲಿ ಸಂಜೀವಕುಮಾರ ಪಾದ್ರಿಗಳೂ ಒಬ್ಬರು, ಮತ್ತು ಅದು ನಿಂತದ್ದು ಅವರ ಕಾರಣದಿಂದಲೇ.

ಸಂಜೀವಕುಮಾರರು ೧೯೯೬ರಲ್ಲಿ ಹುಮನಾಬಾದ್ ಮತ್ತು ಬಸವಕಲ್ಯಾಣ, ಈ ಎರಡೂ ಊರುಗಳ ಸಭೆಗಳಿಗೆ ಪಾದ್ರಿಯಾಗಿ ಬಂದರು. ಪೇಟೆಯಲ್ಲಿ ಹುಟ್ಟಿ ಪೇಟೆಯಲ್ಲೇ ಓದಿದವರು, ವಯಸ್ಸು ಇಪ್ಪತ್ತೇಳು, ಒಂದು ಹಳೆಯ ಸ್ಕೂಟರು, ಒಂದು ಪೆಟ್ಟಿಗೆ ಪುಸ್ತಕ. ಮನುಷ್ಯನು ದೇವರ ಮನೆವಾರ್ತೆ ನೋಡಿಕೊಳ್ಳುವವನು ಮಾತ್ರ, ಮಾಲೀಕನಲ್ಲ ಎಂಬ ವಿಷಯವನ್ನು ಎಂಟು ಭಾಗ ಮಾಡಿ ಎಂಟು ವಾರ ಪ್ರಸಂಗ ಮಾಡುವಷ್ಟು ಟಿಪ್ಪಣಿ ಅವರಲ್ಲಿತ್ತು. ಜನ ವಿನಯದಿಂದ ಕೇಳಿದರು, ಕೆಲವರು ವಿನಯದಿಂದಲೇ ತೂಕಡಿಸಿದರು. ಎಂಟನೆಯ ವಾರ ಮುಗಿದ ಮೇಲೂ ಕಾಣಿಕೆಯ ಚೀಲ ಮೊದಲಿನಷ್ಟೇ ಹಗುರವಾಗಿತ್ತು. ಬಂದ ಮರುವರ್ಷದ ಮಾರ್ಚಿನಲ್ಲಿ ಸುಗ್ಗಿಯ ಹಬ್ಬ ಬಂತು, ಪಾದ್ರಿಗಳು ದ್ರೌಪತಿಬಾಯಿಯ ಲಿಲಾವು ಕಂಡರು, ತಮ್ಮ ಟಿಪ್ಪಣಿಗಳನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದರು.

ಲಿಲಾವು ಎಂದರೆ ಹರಾಜು. ಎರಡೂ ಊರಿನ ಕ್ರೈಸ್ತರು ಹುಮನಾಬಾದಿನ ಚರ್ಚಿನ ಅಂಗಳದ ಬೇವಿನ ಮರದ ಕೆಳಗೆ ವರ್ಷಕ್ಕೊಮ್ಮೆ ಕೂಡುತ್ತಿದ್ದರು. ಹೊಲದ ಮೊದಲ ಜೋಳ, ತೊಗರಿ, ಕಡಲೆ, ಅಂಗಳದ ಕುಂಬಳಕಾಯಿ, ಕೋಳಿ, ತತ್ತಿ, ಹೊಲವಿಲ್ಲದವರು ಒಂದು ಕಟ್ಟು ಕಟ್ಟಿಗೆ, ಹೀಗೆ ಯಾರ ಕೈಲಿ ಏನಾಗುವುದೋ ಅದನ್ನು ತಂದು ಪೀಠದ ಮೇಲೆ ಇಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ದ್ರೌಪತಿಬಾಯಿ ಲಿಲಾವು ಕೂಗಿ, ಬಂದದ್ದು ಚರ್ಚಿನ ಖರ್ಚಿಗೂ ಕಾಯಿಲೆ ಬಿದ್ದವರ ಔಷಧಕ್ಕೂ ಸಲ್ಲುತ್ತಿತ್ತು. ಬೋಲಿ, ಅಂದರೆ ಕೊಳ್ಳುವ ಬೆಲೆ, ಕೂಗಲು ಸಭೆಯವರೇ ಆಗಬೇಕೆಂದಿರಲಿಲ್ಲ. ಬಜಾರಿನ ದಲಾಲಿ ಜಲಾಲುದ್ದೀನ್ ಮಿಯಾ, ಮಂಠಾಳದ ರೈತ ಬಸವಣಪ್ಪ ಮುಂತಾದವರು ಪ್ರತಿವರ್ಷ ತಪ್ಪದೆ ಬರುತ್ತಿದ್ದರು, ಮಾಲಿಗಿಂತ ಹೆಚ್ಚಾಗಿ ದ್ರೌಪತಿಬಾಯಿಯ ಮಾತಿಗಾಗಿ.

ಆ ದಿನ ಆಕೆಯ ವೇಷವನ್ನು ನೋಡಬೇಕು. ಬಜಾರಿನ ಬುಟ್ಟಿ ಬಲ ಸೊಂಟದ ಮೇಲೆ ಕೂತು ಕೂತು ಎಡಕ್ಕೆ ವಾಲಿದ ನಡಿಗೆ, ಹಣೆಯವರೆಗೆ ಸೆರಗು, ಇಳಕಲ್ಲು ಸೀರೆಯ ಮೇಲೆ ತೀರಿಹೋದ ಗಂಡ ಕಪಿಲನ ಖಾಕಿ ಕೋಟು. ಕಪಿಲ ಗೋದಾಮಿನ ಕಾವಲುಗಾರನಾಗಿದ್ದವನು. ಅವನ ಕೋಟಿಗೆ ಎರಡು ದೊಡ್ಡ ಕಿಸೆಗಳಿದ್ದವು. ಬಜಾರಿಗೂ ಆಕೆ ಅದನ್ನೇ ತೊಟ್ಟು ಹೋಗುತ್ತಿದ್ದಳು. ಬೋಣಿಯ, ಅಂದರೆ ದಿನದ ಮೊದಲ ವ್ಯಾಪಾರದ, ದುಡ್ಡು ಎಷ್ಟೇ ಇರಲಿ ಎಡಗಿಸೆಗೆ, ಉಳಿದದ್ದು ಬಲಗಿಸೆಗೆ. ಎಡಗಿಸೆ ಸ್ವಾಮಿಯದು. ಚಿಲ್ಲರೆಗೆ ತತ್ವಾರವಾದ ದಿನವೂ ಎಡಗಿಸೆಯೊಳಗೆ ಆಕೆಯ ಕೈ ಇಳಿದದ್ದನ್ನು ಯಾರೂ ಕಂಡಿಲ್ಲ. ಗಿರಾಕಿ ಗೊಣಗಿದರೆ, "ಅದು ನಂದಲ್ರಿ, ನಂಗ ಇಟ್ಕೊಳ್ಳಾಕ ಕೊಟ್ಟದ್ದು" ಎನ್ನುತ್ತಿದ್ದಳು. ಪಾದ್ರಿಗಳ ಎಂಟು ವಾರದ ಪ್ರಸಂಗ ಆ ಒಂದು ಮಾತಿನೊಳಗೆ ಮುದುರಿ ಕೂತಿತ್ತು.

ಆಕೆಯ ಲಿಲಾವಿನಲ್ಲಿ ಮಾಲಿನ ದೋಷ ಮುಚ್ಚಿಡುವಂತಿರಲಿಲ್ಲ. ಒಮ್ಮೆ ಒಬ್ಬ ಮುದುಕಿ ತಂದದ್ದು ಒಂದೇ ಒಂದು ತತ್ತಿ. ಪಕ್ಕದಲ್ಲಿ ಯಾರದೋ ಕೊಬ್ಬಿದ ಹೋತ ನಿಂತಿತ್ತು. ದ್ರೌಪತಿಬಾಯಿ ತತ್ತಿಯನ್ನು ಬಿಸಿಲಿಗೆ ಹಿಡಿದು, "ನೋಡ್ರಿ, ಇದಕ್ಕೊಂದು ಸಣ್ಣ ಸೀಳು ಅದ, ಸುಳ್ಳು ಹೇಳಂಗಿಲ್ಲ. ಖರೆ ಈ ಆಯಿ ಮನ್ಯಾಗ ಎರಡನೇ ತತ್ತಿ ಇಲ್ಲ, ಅದನ್ನೂ ಹೇಳತೀನಿ" ಎಂದಳು. ಮೊದಲು ಕೊಂಡವನು ಅದನ್ನು ಮತ್ತೆ ಪೀಠಕ್ಕೇ ಕೊಟ್ಟ. ಎರಡನೆಯವನೂ ಹಾಗೆಯೇ ಮಾಡಿದ. ಹನ್ನೊಂದು ಕೈ ದಾಟಿದ ಆ ಸೀಳು ತತ್ತಿ ಕೊನೆಗೆ ಹೋತನಿಗಿಂತ ಹೆಚ್ಚು ತಂದುಕೊಟ್ಟಿತು. ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಆದರೆ ಆಕೆಯ ಕರುಣೆಗೆ ಕಟ್ಟುಪಾಡುಗಳಿದ್ದವು, ಅವು ಕಲ್ಲಿನಲ್ಲಿ ಕೆತ್ತಿದಷ್ಟು ಗಟ್ಟಿ. ಪೀಠದ ಮೇಲೆ ಇಟ್ಟದ್ದನ್ನು ಇಳಿಸುವಂತಿಲ್ಲ. ಒಂದು ವರ್ಷ ಒಬ್ಬಳು ಪುಟ್ಟ ಹುಡುಗಿ ತಾನು ಸಾಕಿದ ಕೋಳಿಯನ್ನು ಅಪ್ಪ ಪೀಠಕ್ಕೆ ಕೊಟ್ಟನೆಂದು ಅಂಗಳ ತುಂಬ ಹೊರಳಾಡಿ ಅತ್ತಳು. ಅಪ್ಪನಿಗೂ ಮನಸ್ಸು ಕರಗಿ, ವಾಪಸು ಕೊಡೆಂದು ಕೈಮುಗಿದ. "ಇಟ್ಟದ್ದು ಇಳಸಂಗಿಲ್ಲಪಾ" ಎಂದು ದ್ರೌಪತಿಬಾಯಿ ಜಗ್ಗಲಿಲ್ಲ, ಕೋಳಿಯನ್ನು ಎತ್ತಿ ಹಿಡಿದು, "ಈ ಕೂಸಿನ ಕಣ್ಣೀರು ಕಾಣದವರು ಯಾರರೆ ಅದಾರೇನ್ರಿ ಇಲ್ಲಿ?" ಎಂದು ಜಲಾಲುದ್ದೀನ್ ಮಿಯಾನ ಮುಖವನ್ನೇ ನೋಡುತ್ತ ಲಿಲಾವು ಕೂಗಿದಳು. ಮಿಯಾ ಬೈದುಕೊಳ್ಳುತ್ತ ಕೋಳಿ ಕೊಂಡು ಹುಡುಗಿಯ ಕೈಗಿಟ್ಟ.

ಕೊಟ್ಟವರೇ ಕೊಳ್ಳುವಂತಿಲ್ಲ ಎಂಬುದು ಎರಡನೆಯ ಕಟ್ಟು. ಊರಿನ ಗುತ್ತಿಗೆದಾರನೊಬ್ಬ ದೊಡ್ಡ ಕುಂಬಳಕಾಯಿ ಕೊಟ್ಟು, ತಾನೇ ಭಾರಿ ಬೋಲಿಗೆ ಕೊಂಡು, ಹೆಸರನ್ನು ಎರಡೆರಡು ಸಲ ಕೂಗಿಸಿಕೊಳ್ಳುವ ಹುನ್ನಾರ ಮಾಡಿದ್ದ. "ಒಂದೇ ಕಾಯಿಂದ ಎರಡು ಸಲ ದೊಡ್ಡೋರು ಆಗತೀರೇನ್ರಿ ಸಾಹುಕಾರ್ರ?" ಎಂದು ಆಕೆ ಕೇಳಿದಾಗ ಇಡೀ ಅಂಗಳ ನಕ್ಕಿತು. ಅಂದಿನಿಂದ ಅದು ಕಾನೂನಾಯಿತು. ಕೂಗುವ ಬಾಯಿ ಕೊಳ್ಳಬಾರದು ಎಂಬ ಮೂರನೆಯದನ್ನು ಆಕೆ ತನಗಾಗಿಯೇ ಮಾಡಿಕೊಂಡಿದ್ದಳು.

ಕೊಟ್ಟದ್ದು ಕೊಟ್ಟದ್ದೇ ಎಂಬ ಈ ಹಟ ಆಕೆಯ ಹೆಸರಿನಿಂದಲೇ ಸುರುವಾಗಿತ್ತು ಎನ್ನುತ್ತಾರೆ. ದೀಕ್ಷಾಸ್ನಾನದ ದಿನ ಆಗಿನ ಪಾದ್ರಿಗಳು ಹೊಸ ಹೆಸರೊಂದನ್ನು ಸೂಚಿಸಿದರಂತೆ. "ಈ ಹೆಸರು ನಮ್ಮವ್ವ ಇಟ್ಟದ್ರಿ. ಇಟ್ಟದ್ದು ಹ್ಯಾಂಗ ತೆಗೀಲಿ?" ಎಂದಳಂತೆ ಹದಿನೆಂಟರ ಹುಡುಗಿ. ದ್ರೌಪತಿ ದ್ರೌಪತಿಯಾಗಿಯೇ ನೀರಿನಿಂದ ಮೇಲೆ ಬಂದಳು.

ಆ ಅವ್ವ ಹುಲಸೂರಿನವಳು. ಅವಳು ಮಗಳಿಗೆ ಹೆಸರಿನ ಜೊತೆಗೆ ಇನ್ನೊಂದನ್ನು ಬಿಟ್ಟು ಹೋಗಿದ್ದಳು: ಒಂದು ಬಗೆಯ ಜೋಳದ ಬೀಜ. ಕಾಳು ಸಣ್ಣದು, ಬುಡದಲ್ಲಿ ನಸುಗೆಂಪು ಚುಕ್ಕೆ. ಇಳುವರಿ ಕಡಿಮೆ, ಆದರೆ ಅದರ ರೊಟ್ಟಿ ಎರಡು ದಿನ ಇಟ್ಟರೂ ಹತ್ತಿಯಂತೆ ಮೆತ್ತಗೆ. ಮನೆಯವರು ಅದನ್ನು ಅವ್ವನ ಜೋಳ ಎನ್ನುತ್ತಿದ್ದರು. ಮಂಠಾಳದ ದಾರಿಯಲ್ಲಿದ್ದ ತನ್ನ ಎರಡೆಕರೆಯ ಬಹುಭಾಗದಲ್ಲಿ ಎಲ್ಲರಂತೆ ಬೇರೆ ಜೋಳ, ತೊಗರಿ ಬಿತ್ತಿ, ಬದುವಿನ ಪಕ್ಕದ ನಾಲ್ಕು ಸಾಲಿನಲ್ಲಿ ಮಾತ್ರ ದ್ರೌಪತಿಬಾಯಿ ಅವ್ವನ ಜೋಳ ಹಾಕುತ್ತಿದ್ದಳು. ಆ ತಳಿ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ೧೯೯೯ರ ಸುಗ್ಗಿಯಲ್ಲಿ ಹಕ್ಕಿಗಳು ಆ ನಾಲ್ಕು ಸಾಲಿಗೇ ಮುಗಿಬಿದ್ದು, ಉಳಿದದ್ದು ಮೂರೇ ಸೇರು. ಅಷ್ಟನ್ನೂ ಮುಂದಿನ ಬಿತ್ತನೆಗೆಂದು ಹುಳ ಹತ್ತದಂತೆ ಬೂದಿ ಬೆರೆಸಿ, ಬೇವಿನ ಸೊಪ್ಪು ಸೇರಿಸಿ, ಗಂಟು ಕಟ್ಟಿ ತೊಲೆಗೆ ತೂಗುಹಾಕಿದ್ದಳು.

ಹಬ್ಬದ ಹಿಂದಿನ ದಿನ ಪಾದ್ರಿಗಳು ಒಂದು ಟೆಂಪೋ ಮಾಡಿಕೊಂಡು ಬಸವಕಲ್ಯಾಣದ ಮನೆಮನೆಯಿಂದ ಕಾಣಿಕೆ ಒಟ್ಟುಮಾಡಲು ಹೊರಟರು. ದ್ರೌಪತಿಬಾಯಿ ಬಜಾರು ಮುಗಿಸಿ, ಚರ್ಚಿನ ಅಂಗಳ ಸಾರಿಸಲೆಂದು ಅಲ್ಲಿಂದಲೇ ಹುಮನಾಬಾದಿನ ಬಸ್ಸು ಹತ್ತಿದ್ದಳು. ಮನೆಯಲ್ಲಿ ಮಗಳು ಮನೀಷಾ ಹಿತ್ತಲಲ್ಲಿ ಕೂಸಿಗೆ ನೀರು ಹಾಕುತ್ತಿದ್ದಳು. "ಅವ್ವ ಒಳಗ ಗಂಟು ಇಟ್ಟಾಳ್ರಿ, ತಗೊಂಡು ಹೋಗ್ರಿ" ಎಂದು ಅಲ್ಲಿಂದಲೇ ಕೂಗಿದಳು. ಅವಳು ಹೇಳಿದ್ದು ಬಾಗಿಲ ಹಿಂದಿನ ತೊಗರಿಯ ಗಂಟನ್ನು. ಪಾದ್ರಿಗಳ ಕಣ್ಣಿಗೆ ಬಿದ್ದದ್ದು ತೊಲೆಯ ಗಂಟು. ಇಷ್ಟು ಜೋಪಾನವಾಗಿ ಎತ್ತಿಟ್ಟದ್ದೇ ದೇವರದಿರಬೇಕು ಎಂದುಕೊಂಡು ಅವರು ಸ್ಟೂಲು ಹತ್ತಿ ಇಳಿಸಿಕೊಂಡರು. ಶರಟಿನ ಮೇಲೆಲ್ಲ ಬೂದಿ ಸುರಿಯಿತು. ಪಾಪ, ಬಡವರ ಮನೆ, ಒಲೆಯ ಬೂದಿ ಬಿದ್ದಿದೆ ಎಂದು ಮರುಗಿ, ಹುಮನಾಬಾದಿಗೆ ಬಂದು ತಮ್ಮ ಮನೆಯೊಳಗೆ ತಾವೇ ಮೊರ ಹಿಡಿದು, ಅರ್ಧ ತಾಸು ಕೇರಿ, ಬೂದಿ ಬೇವು ಎಲ್ಲ ತೆಗೆದು, ಕಾಳನ್ನು ಹೊಸ ಬಿಳಿಬಟ್ಟೆಯಲ್ಲಿ ಕಟ್ಟಿ ಪೀಠದ ನಟ್ಟನಡುವೆ ಇಟ್ಟರು. ಪೇಟೆಯ ಜಾಣತನ ಕೆಲವು ಸಲ ಹೀಗೆ ಮೊರ ಹಿಡಿದು ಕೂರುತ್ತದೆ.

ಮರುದಿನ ಲಿಲಾವು ಭರದಿಂದ ಸಾಗಿತ್ತು. ಬಿಳಿಗಂಟಿನ ಸರದಿ ಬಂತು. ದ್ರೌಪತಿಬಾಯಿ ಎಂದಿನಂತೆ ಗಂಟು ಬಿಚ್ಚಿ, ಮಣಿಕಟ್ಟಿನವರೆಗೆ ಕೈ ತೂರಿ, ತಳದ ಕಾಳು ಹೇಗಿದೆಯೆಂದು ನೋಡಲು ಒಂದು ಹಿಡಿ ಮೇಲಕ್ಕೆ ತಂದಳು. "ಜೋಳ! ಇನ್ನೂ..." ಎಂದವಳ ದನಿ ಅಲ್ಲಿಗೇ ನಿಂತಿತು. ಅಂಗೈಯ ಕಾಳನ್ನು ನೋಡಿದಳು. ಮೂಗಿನ ಹತ್ತಿರ ತಂದಳು. ಬೇವಿನ ವಾಸನೆ ಎಷ್ಟು ಕೇರಿದರೂ ಹೋಗಿರಲಿಲ್ಲ. ಆಮೇಲೆ ತಲೆ ಎತ್ತಿ ಪಾದ್ರಿಗಳತ್ತ ನೋಡಿದಳು. ಪಾದ್ರಿಗಳು, ಶುಚಿಯಾದ ಗಂಟನ್ನು ಮೆಚ್ಚಿ ನೋಡುತ್ತಿದ್ದಾಳೆಂದು ಭಾವಿಸಿ, ತುಸು ಹೆಮ್ಮೆಯಿಂದಲೇ ತಲೆಯಾಡಿಸಿದರು. ಆ ತಲೆಯಾಡಿಸಿದ್ದನ್ನು ನೆನೆದು ಅವರು ಇಂದಿಗೂ ನಾಚಿಕೊಳ್ಳುತ್ತಾರೆ.

ಎಷ್ಟು ಹೊತ್ತು ಹಾಗೆ ನಿಂತಳೋ. ಜನ ಗುಜುಗುಜು ಮಾತಾಡತೊಡಗಿದರು. ಆಮೇಲೆ ಆಕೆ ಕಾಳನ್ನು ಮೆಲ್ಲಗೆ ಗಂಟಿಗೆ ಇಳಿಬಿಟ್ಟು, ಕೋಟಿನ ತೋಳಿಗೆ ಮುಖ ಒರೆಸಿಕೊಂಡು, ದನಿ ಎತ್ತಿದಳು. "ಇದು ತಿನ್ನೋ ಜೋಳ ಅಲ್ರಿ, ಬೀಜದ ಜೋಳ. ಒಂದು ಕಾಳು ಹುಳ ಮುಟ್ಟಿಲ್ಲ. ಹಳೇ ತಳಿ, ಬ್ಯಾರೆ ಕಡೆ ಸಿಗಂಗಿಲ್ಲ. ಇದನ್ನ ಬೀಸಾಕ ಹಾಕೋರು ಬೋಲಿ ಕೂಗಬ್ಯಾಡ್ರಿ. ಬಿತ್ತೋರು ಕೂಗ್ರಿ." ಯಾರ ಮನೆಯದೆಂದು ಮಾತ್ರ ಹೇಳಲಿಲ್ಲ. ಬೋಲಿ ಏರಿತು. ಒಂದು ಸರ್ತಿ, ಎರಡು ಸರ್ತಿ, ಮೂರು ಸರ್ತಿ. ಗಂಟು ಮಂಠಾಳದ ಬಸವಣಪ್ಪನ ಪಾಲಾಯಿತು. ಆಕೆ ಮುಂದಿನ ಕುಂಬಳಕಾಯಿ ಎತ್ತಿಕೊಂಡಳು.

ಎಲ್ಲ ಮುಗಿದು ಜನ ಊಟಕ್ಕೆ ಕೂತಾಗ ಮನೀಷಾ ಕೂಸನ್ನು ಕಂಕುಳಲ್ಲಿ, ತೊಗರಿಯ ಗಂಟನ್ನು ತಲೆಯ ಮೇಲೆ ಹೊತ್ತು ಬಂದಳು. "ಇದನ್ನ ಬಿಟ್ಟು ಬಂದೀರಲ್ರಿ ಪಾದ್ರಿಸಾಬ್ರ. ತೊಲಿ ಮ್ಯಾಲಿನ ಬೀಜದ ಗಂಟು ಎಲ್ಲಿ?" ಪಾದ್ರಿಗಳ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆಯೇ ಅವರು ಸ್ಕೂಟರು ಏರಿ ಮಂಠಾಳಕ್ಕೆ ಹೋದರು. ಬಸವಣಪ್ಪ ಕೇಳಿ ಒಂದು ಕ್ಷಣವೂ ಯೋಚಿಸಲಿಲ್ಲ. "ತಪ್ಪಿ ಬಂದದ್ದು ನಮ್ಮ ಮನ್ಯಾಗ ಯಾಕ ಇರಬೇಕ್ರಿ? ಒಯ್ರಿ" ಎಂದು ಗಂಟು ಕೈಗಿಟ್ಟ, ದುಡ್ಡು ಮುಟ್ಟಲಿಲ್ಲ. ಪಾದ್ರಿಗಳು ಹಗುರಾಗಿ ಬಸವಕಲ್ಯಾಣದ ಬಜಾರಿಗೆ ಬಂದು, ಕೊತ್ತಂಬರಿ ಸಿವುಡು ಕಟ್ಟುತ್ತ ಕೂತಿದ್ದ ದ್ರೌಪತಿಬಾಯಿಯ ಮುಂದೆ ಗಂಟು ಇಟ್ಟರು. ಆಕೆ ಅದನ್ನು ನೋಡಿದಳು, ಮುಟ್ಟಲಿಲ್ಲ.

"ಯಾಕ ತಂದೀರಿ?"

"ತಪ್ಪು ನಂದು ಬಾಯಿ. ನೀವು ಕೊಟ್ಟದ್ದೇ ಅಲ್ಲ ಇದು."

"ಪೀಠದ ಮ್ಯಾಲ ಹೋಗಿತ್ತಿಲ್ರಿ?"

"ಹೋಗಿತ್ತು. ನಾನೇ ಇಟ್ಟಿದ್ದೆ."

"ಮತ್ತ? ಆ ಕೋಳಿ ಕೂಸಿಗೆ ಒಂದು ಕಾನೂನು, ನಂಗೊಂದು ಕಾನೂನು ಆಗತದೇನ್ರಿ? ಬಸವಣಪ್ಪನೋರಿಗೆ ಕೊಟ್ಟು ಬರ್ರಿ."

"ಆವಾಗೇ ಯಾಕ ಹೇಳಲಿಲ್ಲ? ಒಂದು ಮಾತು ಹೇಳಿದ್ರ..."

"ಹೇಳಿದ್ರ ಯಾರು ಬೋಲಿ ಕೂಗತಿದ್ರು? ಎಲ್ಲರೂ ಅಯ್ಯೋ ಪಾಪ ಅಂತಿದ್ರು. ಸ್ವಾಮಿ ಮುಂದ ನಿಂತು ನನ್ನ ಸಲುವಾಗಿ ಅಯ್ಯೋ ಅನ್ನಸ್ಲ್ಯಾ?"

"ನಿಮಗ ದುಃಖ ಆಗಿಲ್ಲೇನು?" ಎಂದು ಪಾದ್ರಿಗಳು ಕೇಳಿದರು. ಕೇಳಬಾರದಿತ್ತು. ದ್ರೌಪತಿಬಾಯಿ ಸಿವುಡನ್ನು ಕೆಳಗಿಟ್ಟಳು. "ಆಗ್ಯದ್ರಿ. ನಮ್ಮವ್ವ ಇನ್ನೊಮ್ಮೆ ಸತ್ತಂಗ ಆಗ್ಯದ" ಎಂದಳು. ಕಣ್ಣು ತುಂಬಿ ಬಂದದ್ದನ್ನು ಮರೆಮಾಡಲೂ ಇಲ್ಲ. ಅಷ್ಟರಲ್ಲಿ ಗಿರಾಕಿಯೊಬ್ಬರು ಪುಂಡಿಪಲ್ಯೆ ಕೇಳಿದರು. ಆಕೆ ಮೂಗು ಒರೆಸಿಕೊಂಡು ದರ ಹೇಳಿದಳು. ಅದು ಬೋಣಿಯಾಗಿತ್ತು, ದುಡ್ಡು ಎಡಗಿಸೆಗೆ ಹೋಯಿತು.

ಪಾದ್ರಿಗಳು ಗಂಟನ್ನು ಮತ್ತೆ ಮಂಠಾಳಕ್ಕೆ ಒಯ್ದರು. ಬಸವಣಪ್ಪ ಗಂಟನ್ನು ಕೈಗೆ ತೆಗೆದುಕೊಂಡು, "ಬೂದಿ ಹ್ಯಾಂಗ ಬೆರಸತಾಳ, ಅಷ್ಟು ಕೇಳಿ ಬರ್ರಿ" ಎಂದ. ಆ ಹಿಂಗಾರಿನಲ್ಲಿ ದ್ರೌಪತಿಬಾಯಿಯ ಬದುವಿನ ನಾಲ್ಕು ಸಾಲಿನಲ್ಲಿ ಬೇರೆ ಜೋಳ ಬೆಳೆಯಿತು. ಪಾದ್ರಿಗಳು ಆ ದಾರಿಯಲ್ಲಿ ಹೋಗುವಾಗ ಆ ಕಡೆ ನೋಡದಿರಲು ಪ್ರಯತ್ನಿಸಿ ಪ್ರತಿಸಲವೂ ಸೋತರು.

ಮರುವರ್ಷದ ಹಬ್ಬಕ್ಕೆ ಬಸವಣಪ್ಪ ಒಂದು ಚೀಲ ಹೊತ್ತು ತಂದ. ಚೀಲದ ಬಾಯಿಗೆ ಅದೇ ಬಿಳಿಬಟ್ಟೆ ಕಟ್ಟಿತ್ತು. "ತಗೋ ಬಾಯಿ, ನಿನ್ನ ಮನಿದು ನಿನ್ನ ಮನಿಗೆ" ಎಂದು ಪೀಠದ ಕಡೆ ನಡೆದವನನ್ನು ದ್ರೌಪತಿಬಾಯಿ ಅಡ್ಡಗಟ್ಟಿದಳು.

"ನಂದಂತ ಇಡಬ್ಯಾಡ್ರಿ. ನಂದಾದ್ರ ನಾ ಕೊಳ್ಳಾಕ ಬರಂಗಿಲ್ಲ. ನಿಮ್ಮದಂತ ಕೊಡೋದಿದ್ರ ಇಡ್ರಿ."

ಬಸವಣಪ್ಪ ಆಕೆಯ ಮುಖ ನೋಡಿದ, ತಿಳಿಯಿತು. "ಆತು. ನನ್ನ ಹೊಲದಾಗ ಬೆಳದದ್ದು, ನಂದೇ. ಕೊಟ್ಟೀನಿ" ಎಂದು ಪೀಠದ ಮೇಲೆ ಇಟ್ಟ.

ಚೀಲದ ಸರದಿ ಬಂದಾಗ ದ್ರೌಪತಿಬಾಯಿ ಬೇವಿನ ಕಟ್ಟೆಯಿಂದ ಕೆಳಗಿಳಿದು, ನೀವು ಕೂಗಿರೆಂದು ಪಾದ್ರಿಗಳಿಗೆ ಹೇಳಿ, ಜನರ ನಡುವೆ ಕೂತಳು. ಪಾದ್ರಿಗಳ ಬಡಕಲು ದನಿ ಬೇವಿನ ಮರ ದಾಟುವುದೇ ಕಷ್ಟವಾಯಿತು. ಆಕೆ ಮೊದಲ ಬೋಲಿ ಕೂಗಿದಳು. ಅಷ್ಟರಲ್ಲಿ ಎಲ್ಲರಿಗೂ ಹಿಂದಿನ ವರ್ಷದ ಸಂಗತಿ ಗೊತ್ತಿತ್ತು; ಒಬ್ಬರೂ ಬಾಯಿ ಬಿಡಲಿಲ್ಲ. ಪಾದ್ರಿಗಳು ಸಂತೋಷದಿಂದ ಒಂದು ಸರ್ತಿ ಎಂದರು, ಅವಸರದಿಂದ ಎರಡು ಸರ್ತಿ ಎಂದರು. ದ್ರೌಪತಿಬಾಯಿ ಎದ್ದು ನಿಂತಳು.

"ಯಾಕ್ರಿ, ಎಲ್ಲರ ಬಾಯಾಗ ಅವಲಕ್ಕಿ ತುಂಬ್ಯದೇನು? ಸ್ವಾಮಿ ಮಾಲಿಗೆ ಈ ಬೆಲಿ ಏನ್ರಿ? ನನ್ನ ಮ್ಯಾಲಿನ ಕರುಣಾ ನಿಮ್ಮ ನಿಮ್ಮ ಮನ್ಯಾಗ ಇಟ್ಕೊಳ್ರಿ. ಜಲಾಲ್ ಮಿಯಾ, ಕೂಗು!"

ಮಿಯಾ ಕೂಗಿದ. ಆಕೆ ಏರಿಸಿದಳು. ಬೈಗುಳ ತಿಂದು ಇನ್ನೂ ನಾಲ್ಕಾರು ಜನ ಕೂಗಿದರು. ಆಕೆ ಮತ್ತೆ ಮತ್ತೆ ಏರಿಸಿ, ಆ ಮಾಲಿಗೆ ಸಲ್ಲಬೇಕಾದ ಬೆಲೆ ಬಂದಿತೆಂದು ತನಗೆ ಅನಿಸಿದ ಮೇಲೆಯೇ ಸುಮ್ಮನಾದಳು. ಬಲಗಿಸೆಯನ್ನು ಪೂರ್ತಿ ಬರಿದು ಮಾಡಿ ಕೊಟ್ಟಳು. ಎಡಗಿಸೆಯನ್ನು ಅದಕ್ಕೂ ಮೊದಲೇ ಕಾಣಿಕೆಯ ಚೀಲಕ್ಕೆ ಸುರಿದಿದ್ದಳು.

ಚೀಲ ಕೈಗೆ ಬಂದ ಮೇಲೆ ಆಕೆ ಮನೆಯ ದಾರಿ ಹಿಡಿಯಬೇಕಿತ್ತಲ್ಲ? ಹಿಡಿಯಲಿಲ್ಲ. ಬೇವಿನ ಕೆಳಗೆ ಕೂತು ಚೀಲದ ಬಾಯಿ ಬಿಚ್ಚಿದಳು. ತನಗೆ ಮೂರು ಸೇರು ಅಳೆದು ಪಕ್ಕಕ್ಕಿಟ್ಟಳು. ಉಳಿದದ್ದನ್ನು ಹಿಡಿ ಹಿಡಿಯಾಗಿ, ಬೋಲಿ ಕೂಗಿದವರು ಕೂಗದವರು ಎನ್ನದೆ, ಹೊಲವಿದ್ದವರ ಸೆರಗಿಗೆ, ಟೋಪಿಗೆ, ಟವೆಲಿಗೆ ಹಾಕುತ್ತ ಹೋದಳು. ಬಸವಣಪ್ಪನಿಗೆ ಎರಡು ಹಿಡಿ ಹೆಚ್ಚು. ಪಾದ್ರಿಗಳು ಬೆರಗಾಗಿ ನಿಂತೇ ಇದ್ದರು. ಅವರತ್ತ ನೋಡಿ ಆಕೆ ನಕ್ಕಳು.

"ಒಂದು ವರ್ಷದಿಂದ ಮುಖ ಬಾಡಿಸ್ಕೊಂಡು ಅಡ್ಡಾಡಾಕತ್ತೀರಿ. ತಪ್ಪು ನಿಮ್ಮದೊಂದೇ ಅಲ್ರಿ ಪಾದ್ರಿಸಾಬ್ರ. ಇಂಥದ್ದನ್ನ ಒಂದೇ ಮನಿ ತೊಲಿಗೆ ಕಟ್ಟಿದ್ನಲ್ಲ, ಅದು ನನ್ನ ತಪ್ಪು. ಅದೂ ನಂಗ ಇಟ್ಕೊಳ್ಳಾಕ ಕೊಟ್ಟದ್ದೇ ಇತ್ತು. ನಂದು ಅಂದ್ಕೊಂಡುಬಿಟ್ಟಿದ್ದೆ. ಕೈ ಹಿಡೀರಿ."

"ನಂಗೆಲ್ಲಿ ಹೊಲ ಅದ ಬಾಯಿ?"

"ಚರ್ಚಿನ ಅಂಗಳ ಯಾರಪ್ಪಂದು?"

ಅವರ ಅಂಗೈಗೂ ಒಂದು ಹಿಡಿ ಬಿತ್ತು. ಆ ವರ್ಷ ಪಾದ್ರಿಮನೆಯ ಗೋಡೆಯ ಬದಿಯಲ್ಲಿ ಮೂವತ್ತು ದಂಟು ಎದ್ದವು. ತೆನೆ ಬಡಿಯುವುದನ್ನೂ ಬೂದಿ ಬೆರೆಸುವುದನ್ನೂ ಆಕೆ ಬೈದು ಬೈದು ಕಲಿಸಿದಳು. ೨೦೦೫ರಲ್ಲಿ ಅವರಿಗೆ ವರ್ಗವಾದಾಗ ಬಸವಕಲ್ಯಾಣ ಹುಮನಾಬಾದುಗಳ ನಡುವೆ ಅವ್ವನ ಜೋಳ ಇಲ್ಲದ ಊರು ಹುಡುಕಬೇಕಾಗಿತ್ತು. ಟಿಪ್ಪಣಿಯ ಪೆಟ್ಟಿಗೆಯಲ್ಲಿ ಒಂದು ಬೂದಿಗಂಟನ್ನೂ ಇಟ್ಟುಕೊಂಡು ಅವರು ಹೊರಟರು.

ದ್ರೌಪತಿಬಾಯಿಯಂಥವರನ್ನು ನಾವು ಉದಾರಿಗಳೆಂದು ಕರೆದು ಕೈತೊಳೆದುಕೊಳ್ಳುತ್ತೇವೆ, ಕೊಡುವುದು ಅವರಿಗೆ ಸುಲಭವೆಂಬಂತೆ. ಸುಲಭವಲ್ಲ. ಕೊಟ್ಟಾಗ ಅವರಿಗೂ ನೋಯುತ್ತದೆ, ಹೆತ್ತವ್ವ ಇನ್ನೊಮ್ಮೆ ಸತ್ತಷ್ಟು ನೋಯುತ್ತದೆ. ಆದರೂ ಕೊಟ್ಟದ್ದನ್ನು ತಿರುಗಿ ಕೇಳುವ ಹಕ್ಕು ತಮಗಿದೆಯೆಂದು ಅವರಿಗೆ ಒಂದು ಗಳಿಗೆಯೂ ಅನಿಸುವುದಿಲ್ಲ. ಕೈಗೆ ಬಂದದ್ದನ್ನು ಹುಳ ಮುಟ್ಟದಂತೆ ಕಾಯುವುದು, ಕೇಳಿದ ದಿನ ಒಪ್ಪಿಸುವುದು, ಇಷ್ಟೇ ಅವರಿಗೆ ಗೊತ್ತಿರುವ ಧರ್ಮ. ಅಂಥವರು ಪ್ರತಿ ಸಭೆಯಲ್ಲೂ ಎಲ್ಲೋ ಒಬ್ಬರಿರುತ್ತಾರೆ, ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ. ಸಂಜೀವಕುಮಾರ ಪಾದ್ರಿಗಳು ಈಗ ಯಾವ ಊರಿಗೆ ಹೋದರೂ ಪ್ರಸಂಗ ಸುರು ಮಾಡುವ ಮೊದಲು ಹಿಂದಿನ ಸಾಲನ್ನು ಒಮ್ಮೆ ನೋಡುತ್ತಾರೆ. ಮನೆಗೆ ಬಂದವರು ತೊಲೆಯ ಗಂಟನ್ನು ತೋರಿಸಿ, ಇದೇನು ಎಂದು ಕೇಳಿದರೆ, "ನಂದಲ್ರಿ, ಇಟ್ಕೊಳ್ಳಾಕ ಕೊಟ್ಟದ್ದು" ಎನ್ನುತ್ತಾರೆ, ಮತ್ತು ಸ್ಟೂಲು ಹತ್ತಿ ಅವರಿಗೂ ಒಂದು ಹಿಡಿ ಇಳಿಸಿಕೊಡುತ್ತಾರೆ.